ಮನಿಪ್ಲಾಂಟಿನ ಅಪ್ಪ ಯಾರು?

ನಮ್ಮ ಕಡೆ ಬೀಗತನದ ಮಾತು ಶುರುವಾದರೆ ಹುಡುಗನ ಪಗಾರ ಕೇಳುವ ಮೊದಲು ಮನೆತನ ಕೇಳುತ್ತಾರೆ. ಮನೆತನ ಆಯಿತೆಂದರೆ ತಾಯಿಯ ತವರುಮನೆ, ಅದೂ ಆದರೆ ಅಜ್ಜಿಯ ತವರುಮನೆ. ಬಸವಣ್ಣ ಹುಟ್ಟಿದ ಜಿಲ್ಲೆಯಲ್ಲಿ ಎಂಟುನೂರು ವರ್ಷ ಕಳೆದರೂ ಈ ವಿಚಾರಣೆ ನಿಂತಿಲ್ಲವಲ್ಲ ಎಂದು ನಾನು ಮೊದಲೆಲ್ಲ ಬೇಸರ ಮಾಡಿಕೊಳ್ಳುತ್ತಿದ್ದೆ. ನಿವೃತ್ತಿಯಾದ ಮೇಲೆ ಅದೇ ವಿಚಾರಣೆಯನ್ನು ಜಲನಗರದ ನಮ್ಮ ಮನೆಯ ಪಡಸಾಲೆಯಲ್ಲಿ, ಕುಂಡಗಳ ಮುಂದೆ ಕುಕ್ಕರಗಾಲಲ್ಲಿ ಕುಳಿತು, ಗಿಡಗಳ ಮೇಲೆ ನಡೆಸತೊಡಗಿದೆ. ಬೀಗರಾದರೆ ಸುಳ್ಳಾದರೂ ಏನೋ ಒಂದು ಉತ್ತರ ಕೊಡುತ್ತಾರೆ. ಗಿಡಗಳು ಅದನ್ನೂ ಕೊಡುವುದಿಲ್ಲ.

ನಾನು ನೌಕರಿ ಮಾಡಿದ್ದು ಕಂದಾಯ ಇಲಾಖೆಯಲ್ಲಿ. ಉತಾರ ಬರೆದು, ವಾರಸಾ ಹಚ್ಚಿ, ಯಾರ ಹೊಲ ಯಾರ ಅಪ್ಪನಿಂದ ಬಂತು ಎಂದು ಹುಡುಕಿ ಹುಡುಕಿ ಪಳಗಿದ ಕೈ. ಸುಮ್ಮನಿರಲು ಅದಕ್ಕೆ ಬರುವುದಿಲ್ಲ. ದಪ್ಪ ರಟ್ಟಿನ ಒಂದು ಖಾತೆ ಪುಸ್ತಕ ತಂದು ಪ್ರತಿ ಕುಂಡಕ್ಕೂ ಒಂದೊಂದು ಉತಾರ ತೆರೆದೆ. ತಳಿಯ ಹೆಸರು, ತಾಯಿ, ತಂದೆ, ಮೂಲ ಊರು, ಷರಾ. ಇದಕ್ಕೆಲ್ಲ ಜಗತ್ತಿನಲ್ಲಿ ಕಾಯಿದೆಯೇ ಇದೆ ಎಂದು ತಿಳಿದಾಗ ಆದ ಸಂತೋಷ ನನಗೆ ಬಡ್ತಿ ಸಿಕ್ಕಾಗಲೂ ಆಗಿರಲಿಲ್ಲ. ತಳಿಯ ಹೆಸರನ್ನು ಒಂಟಿ ಉದ್ಧರಣ ಚಿಹ್ನೆಯೊಳಗೆ ಬರೆಯಬೇಕು. ಎರಡು ಗಿಡ ಕೂಡಿ ಹುಟ್ಟಿದ ಮಿಶ್ರತಳಿಯಾದರೆ ಅವುಗಳ ನಡುವೆ ಗುಣಾಕಾರದ ಚಿಹ್ನೆ. ರೂಢಿಯಲ್ಲಿ ತಾಯಿ ಮೊದಲು, ತಂದೆ ಆಮೇಲೆ. ನೌಕರಿಯಲ್ಲಿ ತಾಯಿಯ ಹೆಸರು ಮೊದಲು ಬರೆದ ನೆನಪು ನನಗಿಲ್ಲ. ಗಿಡಗಳು ನಮಗಿಂತ ಮುಂದುವರಿದಿವೆ ಎಂದು ಹೆಂಡತಿಗೆ ಹೇಳಿದೆ.

"ನೀರು ಹಾಕೋರು ಯಾರು ಅಂತ ಒಂದು ಕಾಲಂ ಮಾಡ್ರಿ" ಎಂದಳು.

ಆ ಪುಸ್ತಕದಲ್ಲಿ ತಾಯಿ, ತಂದೆ ಎರಡೂ ಕಾಲಂ ಮೊದಲ ದಿನವೇ ತುಂಬಿದ ಗಿಡ ಒಂದೇ ಒಂದು. ಆಡು ಒಳಗೆ ಬರದಿರಲೆಂದು ಹೆಂಡತಿ ಗೇಟಿನ ಬದಿಗೆ ಹಚ್ಚಿದ್ದ ಕೆಂಪು ಹೂವಿನ ಮುಳ್ಳಿನ ಗಿಡ. ಥಾಯ್ಲೆಂಡಿನವರು ತಿದ್ದಿ ತಿದ್ದಿ ಹೂವು ದೊಡ್ಡದು ಮಾಡಿದ ಯುಫೋರ್ಬಿಯಾ ಅದು. ಮಡಗಾಸ್ಕರಿನ ಲೋಫೋಗೋನಾ, ಮಿಲಿಐ ಎಂಬೆರಡು ಜಾತಿಗಳು ಕೂಡಿದ್ದರಿಂದ ಎರಡರ ಮೊದಲಕ್ಷರ ಸೇರಿಸಿ ಸಸ್ಯಶಾಸ್ತ್ರಜ್ಞರು 'ಲೋಮಿ' ಎಂದು ಹೆಸರಿಟ್ಟರು. ತಕರಾರಿಲ್ಲ, ಕೋರ್ಟಿಲ್ಲ, ಅಣ್ಣತಮ್ಮಂದಿರ ಹಿಸ್ಸೆಯಿಲ್ಲ. ಬಂದ ನೆಂಟರನ್ನೆಲ್ಲ ಗೇಟಿನ ಹತ್ತಿರ ನಿಲ್ಲಿಸಿ ಇದನ್ನು ವಿವರಿಸುತ್ತಿದ್ದೆ. "ಹೌದ್ರಿ, ಇದಿದ್ರ ಆಡು ಬರಂಗಿಲ್ಲ" ಎಂದು ಅವರು ಒಳಗೆ ಹೋಗುತ್ತಿದ್ದರು.

ಒಳಗಿನವುಗಳದ್ದೇ ತಂಟೆ. ಅದರಲ್ಲೂ ಮನಿಪ್ಲಾಂಟಿನದು.

ಕಿಟಕಿಯ ಬದಿಯ ಕುಂಡದಲ್ಲಿ ಬಿಳಿ-ಹಸಿರು ಎಲೆಯ ಮನಿಪ್ಲಾಂಟ್ ಒಂದಿತ್ತು. ಅದರ ಮೂಲ ತಹಿತಿಯ ಪಕ್ಕದ ಮೊರೆಯಾ ಎಂಬ ದ್ವೀಪ. ಏಪ್ರಿಲ್ ಬಂತೆಂದರೆ ನಲವತ್ತು ಡಿಗ್ರಿ ದಾಟುವ ವಿಜಯಪುರದಲ್ಲಿ, ನಾಲ್ಕೂ ಕಡೆ ಸಮುದ್ರವಿದ್ದ ಊರಿನ ಆ ಬಳ್ಳಿ ಹೇಗೆ ಬದುಕಿದೆಯೆಂದು ಯೋಚಿಸಬೇಕಾಗಿತ್ತು. ನಾನು ಅದರ ಹೆಸರು ಯೋಚಿಸುತ್ತ ಕುಳಿತೆ. 1880ರಲ್ಲಿ ಅದನ್ನು ಮೊದಲು ವಿವರಿಸಿದವರು ಪೋಥೋಸ್ ಎಂದರು. 1962ರಲ್ಲಿ ಎಲ್ಲೋ ಒಂದು ಹೂವು ಕಂಡಿತು, ರಾಫಿಡೋಫೋರಾ ಎಂದರು. 1964ರಲ್ಲಿ ಎಪಿಪ್ರೆಮ್ನಮ್‌ಗೆ ಸೇರಿಸಿದರು. ನಮ್ಮ ಊರಿಗೂ 2014ರಲ್ಲಿ ಸರಕಾರ ವಿಜಯಪುರ ಎಂದು ಹೆಸರು ತಿದ್ದಿತು, ಬಸ್ಸಿನ ಬಾಗಿಲಲ್ಲಿ ನಿಂತ ಕಂಡಕ್ಟರ್ ಮಾತ್ರ ಬಿಜಾಪುರ ಎಂದೇ ಕೂಗುತ್ತಾನೆ. ಮನಿಪ್ಲಾಂಟೂ ಹಾಗೇ ಮನಿಪ್ಲಾಂಟಾಗಿಯೇ ಉಳಿಯಿತು. ನನ್ನ ಚಿಂತೆ ಜಾತಿಯದಲ್ಲ, ತಳಿಯದು. ಮಾರ್ಬಲ್ ಕ್ವೀನೋ, ಎನ್‌ಜಾಯೋ, ಪರ್ಲ್ಸ್ ಅಂಡ್ ಜೇಡೋ, ಮಂಜುಳಾಳೋ?

ತಿಳಿದವರ ಪ್ರಕಾರ ಬಿಳಿ ಮತ್ತು ಹಸಿರಿನ ಗಡಿ ಚೊಕ್ಕವಾಗಿದ್ದರೆ ಎನ್‌ಜಾಯ್. ಬಿಳಿಯ ಹದ್ದಿನೊಳಗೆ ಹಸಿರು ಚುಕ್ಕೆಗಳ ಒತ್ತುವರಿಯಾಗಿದ್ದರೆ ಪರ್ಲ್ಸ್ ಅಂಡ್ ಜೇಡ್. ಬಿಳಿ, ಕೆನೆ, ತಿಳಿಹಸಿರು ಎಲ್ಲ ಕಲಸಿಕೊಂಡು ಎಲೆಯ ಅಂಚು ಅಲೆಯಲೆಯಾಗಿದ್ದರೆ ಮಂಜುಳಾ. ಗಡಿ, ಹದ್ದು, ಒತ್ತುವರಿ ನನ್ನ ವಿಷಯವೇ. ಭೂತಗನ್ನಡಿ ಹಿಡಿದು ರಾತ್ರಿ ಊಟದ ಮೇಲೆ ಸರ್ವೆಗೆ ಕೂಡುತ್ತಿದ್ದೆ. ಒಂದು ರಾತ್ರಿ ಎರಡು ಎಲೆಗಳ ಮೇಲೆ ಯಾವ ಪುಸ್ತಕದಲ್ಲೂ ಹೇಳದಂಥ ಸಣ್ಣ ಸಣ್ಣ ಬಿಳಿ ಬೊಟ್ಟು ಕಂಡವು. ಎದೆ ಹಾರಿತು. ಜಗತ್ತಿಗೆ ಗೊತ್ತಿಲ್ಲದ ತಳಿ ನಮ್ಮ ಪಡಸಾಲೆಯಲ್ಲಿ! ನನ್ನ ಹೆಸರಿಡಬೇಕೋ, ಊರಿನ ಹೆಸರಿಡಬೇಕೋ ಎಂದು ಯೋಚಿಸುತ್ತಲೇ ಮಲಗಿದೆ. ಬೆಳಿಗ್ಗೆ ಕಸ ಹೊಡೆಯುತ್ತ ಬಂದ ಹೆಂಡತಿ ಒದ್ದೆ ಅರಿವೆಯಿಂದ ಎಲೆ ಒರೆಸಿದಳು, ತಳಿ ಹೋಯಿತು. ದೀಪಾವಳಿಗೆ ಹೊಡೆದ ಸುಣ್ಣ.

ಊರ ಹೊರಗಿನ ಒಂದು ನರ್ಸರಿಗೂ ಹೋಗಿ ವಿಚಾರಿಸಿದೆ. ಅಲ್ಲಿ ಪ್ರತಿ ಗಿಡದ ಮುಂದೂ 'ಹೈಬ್ರಿಡ್' ಎಂಬ ಚೀಟಿ.

"ಯಾವ ಯಾವುದರ ಹೈಬ್ರಿಡ್?"

"ಹೈಬ್ರಿಡ್ ಅಂದ್ರ ಹೈಬ್ರಿಡ್‌ರೀ ಸರ. ಪುಣೆದಿಂದ ಬರ್ತಾವು."

ತಾಯಿಯ ಕಾಲಂನಲ್ಲಿ 'ಪುಣೆ' ಎಂದು ಬರೆದುಕೊಂಡು ಬಂದೆ. ಏನೂ ಇಲ್ಲದಿರುವುದಕ್ಕಿಂತ ವಾಸಿ.

ಆ ದಿನಗಳಲ್ಲಿ ಫೋನಿನಲ್ಲಿ ನನ್ನದು ಇದೇ ಮಾತು. "ಮಂಜುಳಾ ಎಲ್ಲಿ ಸಿಗ್ತಾಳ್ರಿ?" "ಮಂಜುಳಾನ್ನ ಬಿಸಿಲಿಗೆ ಹೊರಗ ಬಿಡಬಾರದಂತ್ರಿ, ಖರೇನು?" ಹೆಂಡತಿ ಪಕ್ಕದಲ್ಲೇ ಮೆಂತ್ಯಪಲ್ಲೆ ಸೋಸುತ್ತ ಕುಳಿತಿರುತ್ತಿದ್ದಳು. ಒಮ್ಮೆಯಾದರೂ ಯಾರವಳು ಎಂದು ಕೇಳಲಿಲ್ಲ. ನನ್ನ ಮೇಲೆ ಅವಳಿಗಿರುವ ನಂಬಿಕೆ ದೊಡ್ಡದು. ಅದರಿಂದ ಮನಸ್ಸಿಗೆ ಸ್ವಲ್ಪ ನೋವಾಯಿತು.

ಕೊನೆಗೆ ನಮ್ಮದು ಎನ್‌ಜಾಯ್ ಎಂದು ತೀರ್ಮಾನಿಸಿದೆ. ಎನ್‌ಜಾಯ್ ಮೊದಲು ಸಿಕ್ಕಿದ್ದು ಮುಂಬೈಯಲ್ಲಿ ಎಂಬುದು ತೀರ್ಮಾನಕ್ಕೆ ಬಲ ಕೊಟ್ಟಿತು. ಮುಂಬೈ ಅಂದರೆ ನಮಗೆ ರಾತ್ರಿ ಬಸ್ಸು ಹತ್ತಿ ಬೆಳಿಗ್ಗೆ ಇಳಿಯುವ ಊರು, ಮೊರೆಯಾದ ಹಾಗೆ ಅಲ್ಲ. ತಂದೆ-ತಾಯಿಯೇ ಉಳಿದಿತ್ತು. ಬಿಳಿ ಬಣ್ಣ ಮಾರ್ಬಲ್ ಕ್ವೀನಿನದು ಎಂಬುದು ಕುರುಡನಿಗೂ ಕಾಣುತ್ತದೆ. ಹಸಿರಿನ ಹೊಳಪು ನಿಯಾನ್ ತಳಿಯದಿರಬೇಕು. 'ಮಾರ್ಬಲ್ ಕ್ವೀನ್ × ನಿಯಾನ್' ಎಂದು ಕೆಂಪು ಶಾಯಿಯಲ್ಲಿ ಬರೆದು, ಚೌಕಟ್ಟು ಹಾಕಿ, ಗೋಡೆಗೆ ತೂಗುಹಾಕಿದೆ. ಪಕ್ಕದಲ್ಲೇ ನಮ್ಮ ಮದುವೆಯ ಫೋಟೋ.

ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆ ನೋಡಲು ಹೆಂಡತಿಯ ಅಣ್ಣನ ಮಗ ಬಂದ. ಬಾಗಲಕೋಟೆಯಲ್ಲಿ ತೋಟಗಾರಿಕೆ ಓದುವ ಹುಡುಗ. ಎಳ್ಳು-ಬೆಲ್ಲ ಕೈಗೆ ಕೊಡುವ ಮೊದಲೇ ಅವನನ್ನು ಚೌಕಟ್ಟಿನ ಮುಂದೆ ನಿಲ್ಲಿಸಿದೆ. ಓದಿದ. ಇನ್ನೊಮ್ಮೆ ಓದಿದ.

"ಮಾಮಾ, ಮನಿಪ್ಲಾಂಟ್ ಹೂವಾ ಬಿಡಂಗಿಲ್ಲಲಾ. ಇವೆರಡಕ್ಕ ಲಗ್ನಾ ಎಲ್ಲಿ ಮಾಡಿದ್ರಿ?"

ಒಳಗಿನಿಂದ ಹೆಂಡತಿ ನಕ್ಕ ಸದ್ದು ಕೇಳಿಸಿತು. ಹುಡುಗ ಕುಳಿತು ವಿವರಿಸಿದ. ಗಿಡಕ್ಕೆ ಹೂವು ಬಿಡಲು ಜಿಬ್ಬರೆಲಿನ್ ಎಂಬ ರಸ ಬೇಕು. ಅದನ್ನು ತಯಾರಿಸುವ ಒಂದು ಜೀನು ಮನಿಪ್ಲಾಂಟಿನಲ್ಲಿ ಕೆಲಸ ಮಾಡುವುದಿಲ್ಲ. ಅಮೆರಿಕದ ವಿಜ್ಞಾನಿಗಳು 2016ರಲ್ಲಿ ಇದನ್ನು ಕಂಡುಹಿಡಿದರು. ಹೂವಿಲ್ಲ, ಹೂವಿಲ್ಲದ್ದರಿಂದ ಪರಾಗವಿಲ್ಲ, ಬೀಜವಿಲ್ಲ, ಮಿಶ್ರತಳಿಯ ಪ್ರಶ್ನೆಯೇ ಇಲ್ಲ. ಮಾರ್ಬಲ್ ಕ್ವೀನಿನ ಒಂದು ಟೊಂಗೆ ಮುಂಬೈಯಲ್ಲಿ ತಾನಾಗಿಯೇ ಬೇರೆ ಬಣ್ಣದ ಎಲೆ ಬಿಟ್ಟಿತು, ನೋಡಿದವರು ಮುರಿದು ಹಚ್ಚಿದರು, ಅದೇ ಎನ್‌ಜಾಯ್.

"ಹಂಗಾರ ತಂದೀ ಕಾಲಂ?"

"ಹೊಡದ ಹಾಕ್ರಿ ಮಾಮಾ."

ಈ ಪಾಠ ಬಬಲೇಶ್ವರಕ್ಕೆ ಹೋಗಿ ಬರುವ ಮೊದಲೇ ಆಗಿದ್ದರೆ ಮಾನ ಸ್ವಲ್ಪ ಉಳಿಯುತ್ತಿತ್ತು. ಸಂಕ್ರಾಂತಿಗೂ ಕೆಲವು ತಿಂಗಳ ಹಿಂದೆ ಅಲ್ಲಿ ಹೆಂಡತಿಯ ಚಿಗವ್ವನ ಹೊಸ ಮನೆಯ ವಾಸ್ತುಶಾಂತಿ. ತುಬಚಿ-ಬಬಲೇಶ್ವರ ಏತ ನೀರಾವರಿಯ ನೀರು ಕಾಲುವೆಗೆ ಬಂದಾಗಿನಿಂದ ಆ ಕಡೆಯ ಜನರ ಮುಖದಲ್ಲೇ ಒಂದು ಕಳೆಯಿದೆ; ಅಂಥಲ್ಲಿಗೆ ಸ್ಟೀಲಿನ ಡಬ್ಬಿ ಒಯ್ಯಲು ಮನಸ್ಸು ಬರಲಿಲ್ಲ. ಬಂಗಾರದ ಬಣ್ಣದ ಅಂಚಿರುವ ಸ್ನೇಕ್ ಪ್ಲಾಂಟಿನ ಎಲೆ ತುಂಡು ಮಾಡಿ ಮಣ್ಣಿಗೆ ಚುಚ್ಚಿ, ಬೇರು ಬಿಟ್ಟ ಮೇಲೆ ಕುಂಡಗಳ ಸಾಲನ್ನೇ ಒಯ್ದು ಬಾಗಿಲ ಎಡಬಲಕ್ಕೆ ಇಡಿಸಿದೆ. 'ಲಾರೆಂಟಿಐ' ತಳಿ ಎಂದು ಪ್ರತಿ ಕುಂಡಕ್ಕೂ ಚೀಟಿ ಅಂಟಿಸಿದ್ದೆ. ಹಳದಿ ಅಂಚು ಹೊರಗಿನ ಒಂದು ಪದರಿನ ಜೀವಕೋಶಗಳ ಆಸ್ತಿ. ಎಲೆಯ ತುಂಡಿನಿಂದ ಚಿಗುರು ಏಳುವುದು ಒಳಗಿನ ಹಸಿರು ಪದರಿನಿಂದ. ಅಂಚು ಬೇಕಾದರೆ ಗಡ್ಡೆಯನ್ನೇ ಸೀಳಿ ಹಚ್ಚಬೇಕು. ಇದು ಗೊತ್ತಿದ್ದವನು ಎಲೆ ಕತ್ತರಿಸುವುದಿಲ್ಲ. ನಾನು ಬಹಳ ಎಲೆ ಕತ್ತರಿಸಿದ್ದೆ. ಮಳೆಗಾಲದ ಹೊತ್ತಿಗೆ ಚಿಗವ್ವನ ಫೋನು: "ಅಳಿಯಾರ, ನೀವು ಕೊಟ್ಟ ಗಿಡದ ಮರಿಗೆ ಅಂಚ ಇಲ್ಲರಿ. ಎಲ್ಲಾ ಬರೇ ಹಸರ. ಬದಲಿ ಮಾಡಿ ಕೊಡ್ತಾರೇನ್ರಿ?"

ವಾಸ್ತುಶಾಂತಿಯ ದಿನ ಮಾತ್ರ ಅಂಚುಗಳು ಇನ್ನೂ ಹೊಳೆಯುತ್ತಿದ್ದವು, ನನಗೂ ಹುಮ್ಮಸ್ಸಿತ್ತು. ಅಂಗಳದಲ್ಲಿ ಕಾಗದದ ಹೂವಿನ ಪೊದೆಯೊಂದು ಕಂಪೌಂಡಿನ ಮೇಲೆ ಹರಡಿತ್ತು. ಒಂದು ಕಡೆ ಬಿಳಿ, ಒಂದು ಕಡೆ ಕಡುಗುಲಾಬಿ. ನೋಡಿದ ಕೂಡಲೇ ಕಾಲು ನಿಂತವು. ಇದು ಮೇರಿ ಪಾಮರ್! ಕುರ್ಚಿಯ ಮೇಲೆ ಹೋಳಿಗೆಗಾಗಿ ಕಾಯುತ್ತಿದ್ದ ಬೀಗರನ್ನೆಲ್ಲ ಎಬ್ಬಿಸಿ ಪೊದೆಯ ಮುಂದೆ ಸೇರಿಸಿದೆ. 1949ರಲ್ಲಿ ಕಲ್ಕತ್ತೆಯ ಅಗ್ರಿ-ಹಾರ್ಟಿಕಲ್ಚರಲ್ ಸೊಸೈಟಿಯ ತೋಟದಲ್ಲಿ 'ಮಿಸೆಸ್ ಎಚ್.ಸಿ. ಬಕ್' ಎಂಬ ಗಿಡದ ಟೊಂಗೆಯೊಂದು ಬದಲಾಗಿ ಒಂದೇ ಗಿಡದಲ್ಲಿ ಎರಡು ಬಣ್ಣ ಬಂದ ಕಥೆ ಹೇಳಿದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. ಮಿಸೆಸ್ ಬಟ್ ಎಂಬಾಕೆ 1910ರಲ್ಲಿ ಕೊಲಂಬಿಯಾದ ಕಾರ್ಟಹೇನಾದ ತೋಟವೊಂದರಲ್ಲಿ ಕಂಡು ಟ್ರಿನಿಡಾಡಿಗೆ ತಂದ ಕೆಂಪು ಬಳ್ಳಿ, ಅದು ಗ್ಲಾಬ್ರಾ ಮತ್ತು ಪೆರೂವಿಯಾನಾ ಜಾತಿಗಳ ಮಿಶ್ರಣ ಎಂದು ಆಮೇಲೆ ತಿಳಿದದ್ದು, ಇಡೀ ಜಗತ್ತಿನ ಕಾಗದದ ಹೂವಿನ ತಳಿಗಳ ಹೆಸರು ನೋಂದಾಯಿಸುವ ಅಧಿಕಾರ ಇವತ್ತು ನಮ್ಮ ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಕೈಯಲ್ಲಿರುವುದು, ಎಲ್ಲವನ್ನೂ ಹೇಳಿದೆ. ಜಗತ್ತಿನ ಉತಾರ ದೆಹಲಿಯಲ್ಲಿದೆ ಎನ್ನುವಾಗ ನನ್ನ ಗಂಟಲು ಗದ್ಗದವಾಯಿತು. ಬೀಗರಲ್ಲೊಬ್ಬ ಹಿರಿಯರು ಕೈಮುಗಿದರು. ಬಿಡುಗಡೆ ಕೇಳಿದ್ದೋ ಏನೋ.

ಚಿಗವ್ವ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಬಂದಳು. "ಒಂದ ಗಿಡಾ ಅಲ್ರಿ ಅಳಿಯಾರ. ಎರಡು ಗಿಡಾ. ಜಾಗಾ ಸಾಲದ ಒಂದ ಕುಣ್ಯಾಗ ಹಚ್ಚೀನಿ. ಎಲೀ ಬಡಸ್ಯಾರ, ಬರ್ರಿ."

ಹೋಳಿಗೆ ತುಪ್ಪ ಹದವಾಗಿತ್ತು ಎಂದು ಉಳಿದವರು ಹೇಳಿದರು.

ಇಷ್ಟೆಲ್ಲ ಆದ ಮೇಲೆ ಖಾತೆ ಪುಸ್ತಕ ಮುಚ್ಚಿಡುವುದು ಒಳ್ಳೆಯ ಗೃಹಸ್ಥನ ಲಕ್ಷಣ. ಆದರೆ ಹುಡುಗ ಹೋಗುವಾಗ ಬಸ್‌ಸ್ಟ್ಯಾಂಡಿನಲ್ಲಿ ಒಂದು ಮಾತು ಬಿಟ್ಟುಹೋಗಿದ್ದ. ಆ ಅಮೆರಿಕದವರು ಹೊರಗಿನಿಂದ ಜಿಬ್ಬರೆಲಿನ್ ಸಿಂಪಡಿಸಿದಾಗ ಮನಿಪ್ಲಾಂಟಿಗೆ ಹೂವು ಬಂತಂತೆ! ಹೂವು ಬಂದರೆ ಪರಾಗ, ಪರಾಗ ಬಂದರೆ ಲಗ್ನ. ನಾನು ಬರೆದದ್ದು ತಪ್ಪಲ್ಲ, ಸ್ವಲ್ಪ ಮುಂಚಿತವಾಗಿ ಬರೆದಿದ್ದೆ ಅಷ್ಟೆ. ಜಿಬ್ಬರೆಲಿನ್ ಎಲ್ಲಿ ಸಿಗುತ್ತದೆ ಎಂದು ತಲೆ ಕೆಡಿಸಿಕೊಂಡು ಒಂದು ವಾರ ಅಡ್ಡಾಡಿದೆ. ಹೆಂಡತಿಯ ತಂಗಿಯ ಗಂಡ, ಅಂದರೆ ನನ್ನ ಖಾಸಾ ಸಡ್ಡಕ, ಟಿಕೋಟಾದಲ್ಲಿ ದ್ರಾಕ್ಷಿ ಬೆಳೆಯುತ್ತಾನೆ ಎಂಬುದು ಕಣ್ಣ ಮುಂದೇ ಇತ್ತು.

ತೊರವಿ ದಾಟಿ ಟಿಕೋಟಾ ದಾರಿ ಹಿಡಿದರೆ ಎರಡೂ ಬದಿಗೆ ದ್ರಾಕ್ಷಿಯ ಪಡಗಳೂ ಮಣೂಕ ಒಣಗಿಸುವ ಶೆಡ್ಡುಗಳೂ. ಈ ದಾರಿಯಲ್ಲಿ ವರ್ಷಗಟ್ಟಲೆ ಓಡಾಡಿದ್ದೇನೆ. ದ್ರಾಕ್ಷಿಗೆ ವಂಶ ಇರಬಹುದೆಂದು ಒಮ್ಮೆಯೂ ಹೊಳೆದಿರಲಿಲ್ಲ. ತಿನ್ನುವ ವಸ್ತುವಿನ ಕುಲ ಯಾರು ಕೇಳುತ್ತಾರೆ? ಸಡ್ಡಕ ಬಳ್ಳಿಗಳ ನಡುವೆ ನಡೆಯುತ್ತ, ಚಪ್ಪಲಿಯ ಮಣ್ಣು ಕೆರೆಯುತ್ತ, ನಾನು ವರ್ಷವೆಲ್ಲ ಭೂತಗನ್ನಡಿಯಲ್ಲಿ ಹುಡುಕಿದ್ದನ್ನು ಬಾಯಿಪಾಠ ಒಪ್ಪಿಸಿದ.

"ಇದು ಥಾಮ್ಸನ್ ನೋಡ್ರಿ ಅಣ್ಣಾರ. ಅಕಾಡಿದು ಸೋನಾಕ, ಸೋಲಾಪುರ ಬಾಜೂ ನಾನ್ನಜದಾಗ ಥಾಮ್ಸನ್ ಬಳ್ಳಿನ ಬದಲಾಗಿ ಬಂದದ್ದು, ಕಾಯಿ ಉದ್ದ. ಅದು ತಾಸ್-ಎ-ಗಣೇಶ, ತಾಸಗಾವ ಕಡಿದು, ಅದೂ ಥಾಮ್ಸನ್ನಿಂದನ. ಮಾಣಿಕ್ ಚಮನ್ನೂ ಹಂಗ."

"ಮತ್ತ ಇವುಕ್ಕ ಅಪ್ಪ?"

"ಅಪ್ಪನ್ನ ತಗೊಂಡ ಏನ್ ಮಾಡೂನ್ರಿ? ಟನ್ನೇಜ್ ಬಂದ್ರ ಸಾಕು."

ಅಲ್ಲಿಗೂ ಬಿಡದೆ ಕೆಳಗೆ ಬಗ್ಗಿ ಕಾಂಡ ತೋರಿಸಿದ. ಮೊಣಕಾಲಿನ ಎತ್ತರದಲ್ಲಿ ಒಂದು ಗಂಟು. ಗಂಟಿನ ಮೇಲೆ ಥಾಮ್ಸನ್, ಕೆಳಗೆ ಡಾಗ್ರಿಜ್. ಡಾಗ್ರಿಜ್ ಟೆಕ್ಸಾಸಿನ ಕಾಡು ದ್ರಾಕ್ಷಿಯ ಕುಲ, ನಮ್ಮ ಸವಳು ನೀರನ್ನೂ ಬರವನ್ನೂ ತಡೆದುಕೊಳ್ಳುತ್ತದೆ. ಅದನ್ನು ಮೊದಲು ಹಚ್ಚಿ, ಬೇರು ಇಳಿದ ಮೇಲೆ ಥಾಮ್ಸನ್ನಿನ ಕಲಂ ಕಟ್ಟುತ್ತಾರೆ. ಬೇರು ಒಬ್ಬರದು, ಫಲ ಇನ್ನೊಬ್ಬರದು, ರೊಕ್ಕ ಸಡ್ಡಕನದು. ಇದಕ್ಕೆ ಉತಾರ ಬರೆಯುವುದು ಹೇಗೆಂದು ನನಗೆ ಇವತ್ತಿಗೂ ಬಗೆಹರಿದಿಲ್ಲ. ನಿಜವಾಗಿ ತಾಯಿ-ತಂದೆ ಇರುವ ದ್ರಾಕ್ಷಿಯೂ ಇದೆ ಎಂದು ಹುಡುಗ ಆಮೇಲೆ ಫೋನಿನಲ್ಲಿ ಹೇಳಿದ: ಬೆಂಗಳೂರಿನ ಹೆಸರಘಟ್ಟದ ಸಂಸ್ಥೆಯವರು ಬ್ಲ್ಯಾಕ್ ಚಂಪಾಕ್ಕೆ ಥಾಮ್ಸನ್ ಕೂಡಿಸಿ ಅರ್ಕಾವತಿ, ಅರ್ಕಾ ನೀಲಮಣಿ ಎಂಬ ತಳಿ ತಂದರು. ಒಂದೇ ತಾಯಿ, ಒಂದೇ ತಂದೆ. ಒಂದು ಬಿಳಿ, ಇನ್ನೊಂದು ಕಪ್ಪು. ಬಣ್ಣ ನೋಡಿ ಅಪ್ಪನನ್ನು ಗುರುತಿಸುವ ನನ್ನ ಶಾಸ್ತ್ರದ ಕಥೆ ಅಲ್ಲಿಗೆ ಮುಗಿಯಿತು.

ನಾನು ಬಂದ ಕೆಲಸಕ್ಕೆ ಬಂದೆ. "ನಿಮ್ಮಲ್ಲಿ ಜಿಬ್ಬರೆಲಿನ್ ಸಿಗ್ತೈತೇನ್ರಿ?"

"ಜಿಎ ಏನ್ರಿ? ಮೊದಲ ಹಂಗ ಅನಬಾರದ?"

ದ್ರಾಕ್ಷಿ ಬೆಳೆಯುವ ಊರಲ್ಲಿ ಜಿಎ ಎಂದರೆ ಮಕ್ಕಳಿಗೂ ಗೊತ್ತು. ಅಕ್ಟೋಬರಿನಲ್ಲಿ ಚಾಟ್ನಿ, ಅಂದರೆ ಬಳ್ಳಿ ಸವರುವುದು, ಆದ ಮೇಲೆ ಗೊನೆ ಉದ್ದವಾಗಲು ಒಮ್ಮೆ ಹೊಡೆಯುತ್ತಾರೆ, ಕಾಯಿ ದಪ್ಪವಾಗಲು ಹೆಣ್ಣಾಳುಗಳು ಒಂದೊಂದೇ ಗೊನೆಯನ್ನು ಮಗ್ಗಿನಲ್ಲಿ ಅದ್ದುತ್ತಾರೆ. ಡಿಪ್ಪಿಂಗ್ ಎನ್ನುತ್ತಾರೆ. ಜಗತ್ತಿನ ವಿಜ್ಞಾನಿಗಳು 2016ರವರೆಗೆ ಹುಡುಕಿದ ಮನಿಪ್ಲಾಂಟಿನ ಮದ್ದು ಟಿಕೋಟಾದ ಶೆಡ್ಡಿನಲ್ಲಿ ಗೊಬ್ಬರದ ಚೀಲದ ಪಕ್ಕ ಬಿದ್ದಿತ್ತು. ಹಂಗಾಮಿನಲ್ಲಿ ಉಳಿದ ಒಂದು ಗ್ರಾಮಿನ ಪುಡಿಯನ್ನು ಕೊಡುತ್ತ ಸಡ್ಡಕ ಹೇಳಿದ: ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ, ಮೊದಲು ಸ್ಪಿರಿಟ್ಟಿನಲ್ಲಿ ಕರಗಿಸಬೇಕು, ಆಮೇಲೆ 25 ಲೀಟರ್ ನೀರಿಗೆ ಬೆರೆಸಿದರೆ 40 ಪಿಪಿಎಂ.

ಇಪ್ಪತ್ತೈದು ಲೀಟರ್! ಇರುವುದು ಒಂದು ಕುಂಡ. ದಿನ ಬಿಟ್ಟು ದಿನ ನಳ ಬರುವ ಊರಲ್ಲಿ ಒಂದು ಮನಿಪ್ಲಾಂಟಿಗೆ ಎರಡು ಕೊಡ ನೀರು ಯಾರು ಸುರಿಯುತ್ತಾರೆ? ಲೀಟರಿನ ಬಾಟಲಿಯಲ್ಲಿ ಇಡೀ ಪುಡಿ ಕಲಸಿದೆ. ಪಿಪಿಎಂ ಎಂದರೆ ಕಂದಾಯ ಇಲಾಖೆಯಲ್ಲಿ ಬರುವ ಲೆಕ್ಕವಲ್ಲ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ಎಲೆಯ ಮೇಲೆ, ಎಲೆಯ ಕೆಳಗೆ, ಭಕ್ತಿಯಿಂದ ಹೊಡೆದೆ. ಪರಾಗ ಎತ್ತಲೆಂದು ಮೊಮ್ಮಗಳ ಚಿತ್ರಕಲೆಯ ಕುಂಚ ತೊಳೆದು ಒಣಗಿಸಿ ಇಟ್ಟುಕೊಂಡೆ. ವರನ ಕಡೆಯಿಂದ ನಿಯಾನಿನ ಕುಂಡವೊಂದನ್ನೂ ತರಿಸಿ ಪಕ್ಕದಲ್ಲಿಟ್ಟೆ.

ಶಿವರಾತ್ರಿಯ ಹೊತ್ತಿಗೆ ಬಳ್ಳಿಗೆ ಏನೋ ಹಿಡಿದಂತಾಯಿತು. ಗೆಣ್ಣಿನಿಂದ ಗೆಣ್ಣಿಗೆ ಒಂದು ಗೇಣು ಅಂತರ. ಕಾಂಡ ಸಣ್ಣಗೆ, ಬಿಳಿಚಿಕೊಂಡು, ಉದ್ದುದ್ದ. ಕುಂಡದಿಂದ ಹೊರಟಿದ್ದು ಕಿಟಕಿಯ ಸರಳು ಹಿಡಿದು, ಪರದೆಯ ಕೋಲು ಹತ್ತಿ, ಎನ್‌ಜಾಯ್ ಎಂಬ ಹೆಸರಿಗೆ ತಕ್ಕಂತೆ ತಿರುಗಾಡಿ, ಮದುವೆಯ ಫೋಟೋದಲ್ಲಿ ನನ್ನ ಮುಖದ ಮೇಲೆ ಒಂದು ಎಲೆ ಬಿಟ್ಟಿತು. ಬಿಳಿಯ ಸುಳಿವೇ ಇಲ್ಲದ, ಅಪ್ಪಟ ಹಸಿರು ಎಲೆ. ಅದರ ಹಿಂದಿನದೂ ಹಸಿರು. ಹೂವು ಬಿಡಿ, ಮೊಗ್ಗಿನ ನೆರಳೂ ಇಲ್ಲ.

ಹುಡುಗನಿಗೆ ಫೋಟೋ ಕಳಿಸಿದೆ. "ಮಾಮಾ, ಎಷ್ಟ ನೀರಿಗೆ ಹಾಕಿದ್ರಿ?" ಎಂದು ಕೇಳಿ ಸ್ವಲ್ಪ ಹೊತ್ತು ಸುಮ್ಮನಾದ. ಜಿಎ ಹೆಚ್ಚಾದರೆ ಕಾಂಡ ಹೀಗೆ ಎಳೆಯುತ್ತದಂತೆ. ಹಸಿರಿನದು ಬೇರೆ ಕಥೆ: ಎಲ್ಲೋ ಒಂದು ಮೊಗ್ಗು ಹಳೆಯ ಹಸಿರಿಗೆ ಮರಳಿತ್ತು, ಬಿಳಿ ಭಾಗ ಅನ್ನ ತಯಾರಿಸುವುದಿಲ್ಲ, ಹಸಿರು ಟೊಂಗೆ ದುಡಿದು ಉಣ್ಣುತ್ತದೆ, ಬಿಟ್ಟರೆ ಅದೇ ಮುಂದೆ ಓಡುತ್ತದೆ. ಕಂಡ ಕೂಡಲೇ ಚಿವುಟಬೇಕಿತ್ತು. ಚಿವುಟಬೇಕಾದವನು ಅದಕ್ಕೆ ಟಾನಿಕ್ ಕುಡಿಸಿದ್ದ. ಬಿಳಿ ಎಲೆಯ ಹಳೆಯ ಟೊಂಗೆ ಅಷ್ಟರಲ್ಲಿ ಕಂದು ಬಣ್ಣಕ್ಕೆ ತಿರುಗಿ ಉದುರಿಹೋಯಿತು. ಉತಾರದಲ್ಲಿ ಎನ್‌ಜಾಯ್ ಎಂದಿದೆ, ಕುಂಡದಲ್ಲಿ ಅದಿಲ್ಲ. ಕಾಗದದ ಮೇಲೆ ಇರುವ ಹೊಲ ಜಾಗದ ಮೇಲೆ ಇಲ್ಲದ ಪ್ರಕರಣ ನನಗೆ ಹೊಸದೇನಲ್ಲ. ಷರಾದಲ್ಲಿ 'ಸ್ಥಳ ಪರಿಶೀಲನೆ ಬಾಕಿ' ಎಂದು ಬರೆದೆ.

ಹೆಂಡತಿಗೆ ಮಾತ್ರ ಬಹಳ ಖುಷಿ. "ಈಗ ನೋಡ್ರಿ ಮನಿಪ್ಲಾಂಟ್ ಕಂಡಂಗ ಕಾಣ್ತೈತಿ" ಎಂದು ಬಳ್ಳಿಯನ್ನು ಬಾಗಿಲ ಚೌಕಟ್ಟಿನ ಸುತ್ತ ಕಟ್ಟಿದಳು. ದಾರ ಸಾಲದಿದ್ದಾಗ ನನ್ನ ಖಾತೆ ಪುಸ್ತಕದ ಲಾಡಿ ಬಿಚ್ಚಿಕೊಂಡಳು.

ಮಣೂಕದ ಕೆಲಸ ಮುಗಿಸಿ ಸಡ್ಡಕ ಒಂದು ದಿನ ಮನೆಗೆ ಬಂದ. ಬಾಗಿಲಲ್ಲೇ ನಿಂತು ತಲೆಯೆತ್ತಿ ಬಳ್ಳಿಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದ. ಗೆಣ್ಣುಗಳ ನಡುವೆ ಬೆರಳಿಟ್ಟು ಅಳೆದ. ಚಹಾ ಮುಗಿಯುವವರೆಗೂ ಅದರ ಮಾತೆತ್ತಲಿಲ್ಲ. ನಮ್ಮ ನೆಂಟರಲ್ಲಿ ಮರ್ಯಾದಸ್ಥ ಅವನೊಬ್ಬನೇ. ಏಳುವಾಗ ಹೇಳಿದ:

"ಅಣ್ಣಾರ, ಬರೋ ಡಿಸೆಂಬರ್‌ದಾಗ ಡಿಪ್ಪಿಂಗಿಗೆ ಬರ್ರಿ. ಹೆಣ್ಣಾಳ ಸಾಲಂಗಿಲ್ಲ. ನೀವು ಅದ್ದಿದ ಗೊನೀ ನೆಲಾ ಮುಟ್ತಾವು."

ಮಾತು ಹಗುರ ಮಾಡಲೆಂದು ಕೂಲಿ ಎಷ್ಟು ಕೊಡುತ್ತೀ ಎಂದು ಕೇಳಿದೆ.

"ಒಂದ ಗ್ರಾಮ್ ಜಿಎದ ರೊಕ್ಕಾ ಮುರಕೊಂಡ ಕೊಡ್ತೀನ್ರಿ."